ಸ್ನೂಕರ್ ಶ್ರೇಯಾಂಕ ಪಂದ್ಯಾವಳಿಗಳೂ ಬೆಂಗಳೂರೂ

ಕ್ರೀಡೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರ ಪಟ್ಟಿಯನ್ನೇ ಆಧಾರವಾಗಿಟ್ಟುಕೊಳ್ಳುತ್ತಾರೆ. ಆದರೆ ಪಟ್ಟಿಯೂ ಒಂದು ಐತಿಹಾಸಿಕ ದಾಖಲೆಯೇ. ಅದನ್ನು ಯಾರು, ಎಂದು, ಯಾವ ಅಳತೆಗೋಲಿನಿಂದ ಸಿದ್ಧಪಡಿಸಿದರೆಂಬುದನ್ನು ವಿಚಾರಿಸದೆ ಅದರಿಂದ ತೀರ್ಮಾನಗಳನ್ನು ತೆಗೆಯುವುದು ಯುಕ್ತವಲ್ಲ. ಸ್ನೂಕರಿನ ವೃತ್ತಿಪರ ಶ್ರೇಯಾಂಕ ಪಟ್ಟಿಯಲ್ಲಿ ಕರ್ನಾಟಕಕ್ಕೆ ದೊರೆತಿರುವ ಸ್ಥಾನ ಅತ್ಯಲ್ಪ. ಹವ್ಯಾಸಿಗಳ ವಿಶ್ವಪ್ರಶಸ್ತಿಗಳ ಚರಿತ್ರೆಯಲ್ಲಿ ಅದರ ಸ್ಥಾನ ಹಿರಿದು. ಈ ಅಂತರಕ್ಕೆ ಕಾರಣವೇನೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ನೂಕರ್ ಹುಟ್ಟಿದುದು ಭಾರತದಲ್ಲಿ. 1875ರಲ್ಲಿ ಜಬ್ಬಲಪುರದಲ್ಲಿದ್ದ ನೆವಿಲ್ ಚೇಂಬರ್ಲೇನ್ ಎಂಬ ತರುಣ ಸೇನಾಧಿಕಾರಿ, ಆಗ ಪ್ರಚಲಿತವಾಗಿದ್ದ ಬ್ಲ್ಯಾಕ್ ಪೂಲ್ ಎಂಬ ಆಟಕ್ಕೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿದನು. ಮುಂದೆ ಆತನು ಮದರಾಸು ಸೇನೆಯ ದಂಡನಾಯಕ ಫ್ರೆಡರಿಕ್ ರಾಬರ್ಟ್ಸನ ಪರಿವಾರವನ್ನು ಸೇರಿ ಬೇಸಗೆಯಲ್ಲಿ ಉದಕಮಂಡಲಕ್ಕೆ ಬರುತ್ತಿದ್ದನು. ಅಲ್ಲಿಯ ಊಟಿ ಕ್ಲಬ್ಬಿನಲ್ಲಿ 1880ರ ದಶಕದಲ್ಲಿ ಆಟದ ನಿಯಮಗಳನ್ನು ಬರೆದು ಗೋಡೆಗೆ ಹಚ್ಚಿದರು. ಈ ವೃತ್ತಾಂತಕ್ಕೆ ಮುಖ್ಯ ಆಧಾರವೆಂದರೆ ಚೇಂಬರ್ಲೇನನೇ 1938ರಲ್ಲಿ ‘ದಿ ಫೀಲ್ಡ್’ ಪತ್ರಿಕೆಗೆ ಬರೆದ ಪತ್ರ. ಅರವತ್ತು ವರ್ಷಗಳಿಗೂ ಮೀರಿದ ನೆನಪಿನಿಂದ ಹೇಳಿದ ಮಾತಾದುದರಿಂದ ಅದರ ವಿವರಗಳನ್ನು ಎಚ್ಚರದಿಂದ ಸ್ವೀಕರಿಸಬೇಕು; ಆದರೂ ಆತನ ಸಮಕಾಲೀನರಾದ ಇತರ ಅಧಿಕಾರಿಗಳು ಅದನ್ನು ಸಮರ್ಥಿಸಿದ್ದಾರೆ. ಹೀಗೆ ಈ ಆಟಕ್ಕೆ ಶಾಸನ ದೊರೆತುದು ಮೈಸೂರು ಸೀಮೆಯ ಗಡಿಗೆ ಹೊಂದಿಕೊಂಡ ನೀಲಗಿರಿಯಲ್ಲಿ.

ಆದರೆ ಆಟವು ವೃತ್ತಿಯಾಗಿ ಬೆಳೆದುದು ಇಂಗ್ಲೆಂಡಿನಲ್ಲಿ. 1927ರಲ್ಲಿ ಜೋ ಡೇವಿಸ್ ಮೊದಲ ವಿಶ್ವ ವೃತ್ತಿಪರ ಪ್ರಶಸ್ತಿಯನ್ನು ಪಡೆದನು. 1976ರಲ್ಲಿ ಮೊದಲ ಬಾರಿಗೆ ಆಟಗಾರರ ಶ್ರೇಯಾಂಕ ಪಟ್ಟಿ ಪ್ರಕಟವಾಯಿತು. ಹಿಂದಿನ ಮೂರು ವಿಶ್ವ ಪಂದ್ಯಾವಳಿಗಳ ಫಲಿತಾಂಶಗಳಷ್ಟೇ ಅದಕ್ಕೆ ಆಧಾರ. ಮೊದಲ ಸ್ಥಾನ ವೇಲ್ಸಿನ ರೇ ರಿಯರ್ಡನ್ನನದು. 1982ರಿಂದ ಇತರ ಕೆಲವು ಪಂದ್ಯಾವಳಿಗಳಿಗೂ ಶ್ರೇಯಾಂಕದ ಮಾನ್ಯತೆ ದೊರೆಯಿತು. 2014ರಿಂದ ಅಂಕಗಳ ಬದಲು ಎರಡು ವರ್ಷಗಳಲ್ಲಿ ಗಳಿಸಿದ ಬಹುಮಾನದ ಪೌಂಡುಗಳನ್ನೇ ಎಣಿಸುವ ಕ್ರಮ ಜಾರಿಗೆ ಬಂದಿತು. ಹೊಸದಾಗಿ ವೃತ್ತಿಪರ ಮಂಡಲವನ್ನು ಸೇರಿದವನು ಎರಡು ವರ್ಷಗಳ ಅವಧಿ ಮುಗಿಯುವ ಹೊತ್ತಿಗೆ ಮೊದಲ 64 ಸ್ಥಾನಗಳೊಳಗೆ ಇರಬೇಕು. ಇಲ್ಲವಾದರೆ ಮತ್ತೆ ಅರ್ಹತೆಯನ್ನು ಸಂಪಾದಿಸಬೇಕು. ಈ ಕ್ರಮವು ಕೌಶಲವನ್ನು ಅಳೆಯುವುದು ನಿಜ. ಆದರೆ ವರ್ಷವಿಡೀ ಪಂದ್ಯದಿಂದ ಪಂದ್ಯಕ್ಕೆ ಹೋಗಬಲ್ಲ ಶಕ್ತಿಯನ್ನೂ, ಇಂಗ್ಲೆಂಡಿನಲ್ಲಿ ವಾಸಿಸಬಲ್ಲ ಅನುಕೂಲವನ್ನೂ ಅದು ಕೌಶಲದ ಜೊತೆಯಲ್ಲೇ ಅಳೆಯುತ್ತದೆ.

ಈ ಮಾತಿಗೆ ಬೆಂಗಳೂರಿನ ಪಂಕಜ್ ಆಡ್ವಾಣಿಯವರ ಜೀವನವೇ ನಿದರ್ಶನ. 1985ರಲ್ಲಿ ಪುಣೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಇವರು, ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳ ಮೇಲೆ ಅರವಿಂದ ಸವೂರರ ಶಿಕ್ಷಣದಲ್ಲಿ ಪಳಗಿದರು. 2003ರಲ್ಲಿ ಚೀನಾದ ಜಿಯಾಂಗ್‌ಮೆನ್ನಿನಲ್ಲಿ ಹವ್ಯಾಸಿಗಳ ವಿಶ್ವ ಸ್ನೂಕರ್ ಪ್ರಶಸ್ತಿಯನ್ನು ಗೆದ್ದಾಗ ಅವರಿಗೆ ಹದಿನೆಂಟು ವರ್ಷ. 2012ರಲ್ಲಿ ವೃತ್ತಿಪರ ಮಂಡಲವನ್ನು ಸೇರಿದ ಅವರು, ಮರುವರ್ಷ ವೆಲ್ಷ್ ಓಪನ್ನಿನಲ್ಲಿ ಎಂಟರ ಘಟ್ಟವನ್ನು ಮುಟ್ಟಿ, ಶ್ರೇಯಾಂಕ ಪಂದ್ಯಾವಳಿಯೊಂದರಲ್ಲಿ ಅಷ್ಟು ದೂರ ನಡೆದ ಮೊದಲ ಭಾರತೀಯರೆನಿಸಿದರು. ಆದರೆ ಬಿಲಿಯರ್ಡ್ಸನ್ನೂ ಉಳಿಸಿಕೊಳ್ಳಬೇಕು, ತಾಯ್ನಾಡಿನಲ್ಲಿಯೂ ಇರಬೇಕು ಎಂಬ ಇಚ್ಛೆಗೂ ಆ ಮಂಡಲದ ನಿಯಮಕ್ಕೂ ಹೊಂದಿಕೆಯಾಗಲಿಲ್ಲ. 2014ರಲ್ಲಿ ಅವರು ಅದನ್ನು ತ್ಯಜಿಸಿದರು.

ಶ್ರೇಯಾಂಕ ಪಂದ್ಯಾವಳಿಯೇ ಭಾರತಕ್ಕೆ ಬಂದುದು 2013ರಲ್ಲಿ, ಎಂದರೆ ಜಬ್ಬಲಪುರದ ಪ್ರಸಂಗವಾಗಿ 138 ವರ್ಷಗಳ ಅನಂತರ. ದೆಹಲಿಯಲ್ಲಿ ನಡೆದ ಆ ಮೊದಲ ಇಂಡಿಯನ್ ಓಪನ್ನಿನ ಅಂತಿಮ ಪಂದ್ಯದಲ್ಲಿ ಚೀನಾದ ಡಿಂಗ್ ಜುನ್‌ಹುಯಿ ಮುಂಬಯಿಯ ಆದಿತ್ಯ ಮೆಹತಾರನ್ನು 5–0ರಿಂದ ಸೋಲಿಸಿದರು. ಸೋತರೂ ಮೆಹತಾ ಶ್ರೇಯಾಂಕ ಪಂದ್ಯಾವಳಿಯ ಅಂತಿಮ ಘಟ್ಟವನ್ನು ತಲಪಿದ ಮೊದಲ ಭಾರತೀಯರಾದರು. ಬಳಿಕ 2015ರಲ್ಲಿ ಮುಂಬಯಿ, 2016ರಲ್ಲಿ ಹೈದರಾಬಾದು, 2017ರಲ್ಲಿ ವಿಶಾಖಪಟ್ಟಣ, 2019ರಲ್ಲಿ ಕೊಚ್ಚಿ ಈ ಪಂದ್ಯಾವಳಿಗೆ ಆಶ್ರಯ ನೀಡಿದವು. ಈ ಐದು ನಗರಗಳಲ್ಲಿ ಬೆಂಗಳೂರಿಲ್ಲ. ಭಾರತದ ಪಂದ್ಯಾವಳಿಯಾದರೂ ಅದರ ಅರ್ಹತಾ ಪಂದ್ಯಗಳು ಬಹುಮಟ್ಟಿಗೆ ಇಂಗ್ಲೆಂಡಿನಲ್ಲಿಯೇ ನಡೆದುವೆಂಬುದು ಗಮನಾರ್ಹ.

ಬೆಂಗಳೂರಿಗೆ ದಕ್ಕಿದುದು ಹವ್ಯಾಸಿಗಳ ವಿಶ್ವ ಪಂದ್ಯಾವಳಿ. ಇಲ್ಲಿ 2011ರಲ್ಲಿ ಇರಾನಿನ ಹೊಸೇನ್ ವಫಾಯಿ ಹದಿನೇಳನೆಯ ವಯಸ್ಸಿನಲ್ಲಿ ಗೆದ್ದರು. 2014ರಲ್ಲಿ ಚೀನಾದ ಯಾನ್ ಬಿಂಗ್‌ಟಾವೊ ಹದಿನಾಲ್ಕನೆಯ ವಯಸ್ಸಿನಲ್ಲಿ ಗೆದ್ದರು. ಮುಂದೆ ಯಾನ್ 2019ರಲ್ಲಿ ರೀಗಾ ಮಾಸ್ಟರ್ಸನ್ನೂ, ವಫಾಯಿ 2022ರಲ್ಲಿ ಶೂಟ್ ಔಟ್ ಪಂದ್ಯಾವಳಿಯನ್ನೂ ಗೆದ್ದು ಶ್ರೇಯಾಂಕ ಪ್ರಶಸ್ತಿಗಳ ಪಟ್ಟಿಯನ್ನು ಸೇರಿದರು. ಬೆಂಗಳೂರಿನಲ್ಲಿ ಕಿರೀಟ ಧರಿಸಿದ ಪರದೇಶದ ಬಾಲಕರು ಆ ಪಟ್ಟಿಯನ್ನು ಪ್ರವೇಶಿಸಿದರು. ಬೆಂಗಳೂರಿನವರೇ ಆದ ಆಡ್ವಾಣಿ ಅದರ ಹೊರಗೆ ಉಳಿದರು. ಇದನ್ನು ಕೌಶಲದ ಕೊರತೆಯೆಂದು ಅರ್ಥೈಸಲಾಗದು. 2015ರಲ್ಲಿ ಈಜಿಪ್ಟಿನಲ್ಲಿ ಹವ್ಯಾಸಿಗಳ ವಿಶ್ವಪ್ರಶಸ್ತಿಯನ್ನು ಪುನಃ ಪಡೆದಾಗ ಆಡ್ವಾಣಿ ಅಂತಿಮ ಪಂದ್ಯದಲ್ಲಿ ಸೋಲಿಸಿದುದು ಜಾವೊ ಶಿನ್‌ಟಾಂಗ್ ಎಂಬ ಚೀನೀ ತರುಣನನ್ನು. ಅದೇ ಜಾವೊ 2025ರಲ್ಲಿ ಶೆಫೀಲ್ಡಿನಲ್ಲಿ ವೃತ್ತಿಪರ ವಿಶ್ವಪ್ರಶಸ್ತಿಯನ್ನು ಗೆದ್ದ ಮೊದಲ ಏಷ್ಯನ್ನರಾದರು. ಆಡ್ವಾಣಿಯವರು 2024ರ ವೇಳೆಗೆ ಸ್ನೂಕರ್, ಬಿಲಿಯರ್ಡ್ಸ್ ಎರಡರಲ್ಲಿಯೂ ಸೇರಿ 28 ವಿಶ್ವಪ್ರಶಸ್ತಿಗಳನ್ನು ಗಳಿಸಿದ್ದರು. ಶ್ರೇಯಾಂಕದ ಲೆಕ್ಕಕ್ಕೆ ಇವುಗಳಲ್ಲಿ ಒಂದೂ ಬರುವುದಿಲ್ಲ.

ದೂರದ ಈ ಪ್ರಶ್ನೆಯನ್ನು ನಮ್ಮ ನಾಡಿನೊಳಗೂ ಕೇಳಿಕೊಳ್ಳಬೇಕಾಗುತ್ತದೆ. ಕಬಡ್ಡಿಗೆ ಒಂದು ಬಯಲು ಸಾಕು. ಸ್ನೂಕರಿಗೆ ಸುಮಾರು ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ, ಕಲ್ಲುಚಪ್ಪಡಿಯ ಮೇಲೆ ಹಸಿರು ಬಟ್ಟೆ ಹೊದಿಸಿದ ಮೇಜು ಬೇಕು; ಅದರ ಭಾರವನ್ನು ಹೊರುವ ಕಟ್ಟಡ ಬೇಕು. ಚಿತ್ರದುರ್ಗ ಸೀಮೆಯ ಹಿರೇಗುಂಟನೂರಿನಲ್ಲಿ ಹುಟ್ಟಿದ ಬಾಲಕನಿಗೆ ಬೆಂಗಳೂರಿನ ಕ್ಲಬ್ಬು ಎಷ್ಟು ದೂರವೋ, ಬೆಂಗಳೂರಿನ ಆಟಗಾರನಿಗೆ ಶೆಫೀಲ್ಡ್ ಅಷ್ಟೇ ದೂರ. ಎರಡೆಡೆಯಲ್ಲಿಯೂ ಆಟಕ್ಕೆ ಮೊದಲು ಪ್ರಯಾಣವೇ ಪರೀಕ್ಷೆ. ಆದುದರಿಂದ ಶ್ರೇಯಾಂಕ ಪಟ್ಟಿಯನ್ನು ಓದುವ ವಿದ್ಯಾರ್ಥಿಯು ಅದರಲ್ಲಿರುವ ಹೆಸರುಗಳನ್ನು ಗೌರವಿಸುವುದರ ಜೊತೆಗೆ, ಇಲ್ಲದ ಹೆಸರುಗಳು ಏಕಿಲ್ಲವೆಂದೂ ವಿಚಾರಮಾಡುವುದು ಅವಶ್ಯ.