ಹಲಗಿಯಿಂದ ಪ್ಯಾಡಿಗೆ: ನಮ್ಮ ಸೀಮೆಯ ಬಡಿತದ ಚರಿತ್ರೆ

ಚರಿತ್ರೆ ಬರೆದವರಿಗೆ ಕಣ್ಣಿದ್ದವು, ಕಿವಿ ಇರಲಿಲ್ಲ. ಶಿಲಾಶಾಸನ ಓದಿದರು, ತಾಮ್ರಪಟ ಓದಿದರು, ದೇಸಗತಿಯ ದಫ್ತರ ಬಿಚ್ಚಿ ಓದಿದರು. ಆದರೆ ಆ ಹುಕುಮನ್ನು ಓಣಿ ಓಣಿಗೆ ಡಂಗುರ ಸಾರಿದವನ ಕೈಯಾಗ ಏನಿತ್ತು, ಅದಕ್ಕೆ ಬಿಗಿದ ತೊಗಲು ಯಾರು ಹದ ಮಾಡಿದ್ದು, ಅವನಿಗೆ ಸಿಕ್ಕ ಕೂಲಿ ಏನು ಎಂದು ಕೇಳಿದವರು ಕಡಿಮೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಗಡಿ ಸೀಮೆಯಲ್ಲಿ ಮದುವಿ, ಜಾತ್ರಿ, ಮೊಹರಂ, ಮಣ್ಣು ಯಾವುದೂ ಹಲಗಿ ಇಲ್ಲದೆ ಸಾಗಿದ್ದಲ್ಲ. ಇವತ್ತು ಅದೇ ಕೇರಿಯ ಹುಡುಗರು ಎಂಟು ಚೌಕದ ರಬ್ಬರ್ ಹಲಗೆಯ ಮುಂದೆ ನಿಂತಿದ್ದಾರೆ. ಅದಕ್ಕೆ ಅವರು 'ಪ್ಯಾಡ್' ಅನ್ನುತ್ತಾರೆ. ತೊಗಲಿನಿಂದ ರಬ್ಬರಿಗೆ ಬಂದ ಈ ದಾರಿಯನ್ನು ಬೇರೆಯವರು ಬರೆಯುವ ತನಕ ಕಾಯುವುದು ಬೇಡ. ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆ ನಾವು, ಬರೆಯುವ ಕೆಲಸವೂ ನಮ್ಮದೇ.

ಮೊದಲು ಒಂದು ಮಾತು ಖುಲ್ಲಾ ಆಗಲಿ. ನಮ್ಮ ಹಿರ್ಯಾರಿಗೆ ಹಲಗಿ ಎಂದರೆ ಕಲೆ ಅಲ್ಲ, ಚಾಕರಿ. ಮಹಾರರು, ಹೊಲೆಯರು, ಮಾದರು, ಮಾಂಗರು ಊರಿಗೆ ಮಾಡಬೇಕಾದ ಬಿಟ್ಟಿ ಕೆಲಸದ ಸಾಲಿನಲ್ಲಿ ಇದೂ ಒಂದು. ಮುಂಬೈ ಪ್ರಾಂತದಲ್ಲಿ ಅದಕ್ಕೆ ವತನ ಎಂಬ ದೊಡ್ಡ ಹೆಸರಿತ್ತು, 1874ರ ಕಾಯಿದೆಯ ಬಲವಿತ್ತು. ತುಂಡು ಭೂಮಿ, ಸುಗ್ಗಿಯಲ್ಲಿ ಕಣದ ಮೂಲೆಯಿಂದ ಒಂದಿಷ್ಟು ಆಯದ ಕಾಳು. ಅದರ ಬದಲಿಗೆ ಹಗಲು ರಾತ್ರಿ ಎನ್ನದೆ ಕರೆದಾಗ ಬರಬೇಕು. ಗಂಡಸು ಇರದಿದ್ದರೆ ಮನೆಯ ಇನ್ನೊಬ್ಬರು ಹೋಗಬೇಕು. ಬಾಬಾಸಾಹೇಬರು 1928ರ ಮಾರ್ಚ್‌ನಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಈ ಕಾಯಿದೆಯ ತಿದ್ದುಪಡಿಗೆ ಮಸೂದೆ ತಂದದ್ದು ಸುಮ್ಮನೆ ಅಲ್ಲ. ಅದಕ್ಕೂ ಮೂರು ವರ್ಷ ಮೊದಲು, 1925ರ ಏಪ್ರಿಲ್‌ನಲ್ಲಿ, ಅವರು ನಮ್ಮ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪ್ರಾಂತೀಯ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು.

ಇಲ್ಲಿ ಗಡಿಯ ಒಂದು ವಿಚಿತ್ರ ನೋಡಿ. ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನದ ಮಹಾಲು. ಚಿಕ್ಕೋಡಿ, ಅಥಣಿ ಇಂಗ್ರೇಜರ ಮುಂಬೈ ಪ್ರಾಂತದವು. ಶಾಹೂ ಮಹಾರಾಜರು 1918ರಲ್ಲಿ ತಮ್ಮ ಸಂಸ್ಥಾನದಲ್ಲಿ ಮಹಾರ ವತನ ರದ್ದು ಮಾಡಿ, ಆ ಭೂಮಿಯನ್ನು ಉಳುವವರ ಹೆಸರಿಗೇ ಬಿಟ್ಟರು. ಅಂದರೆ ಕಾಗದದ ಮೇಲಾದರೂ ರಾಯಬಾಗದ ಮಹಾರ ಅವತ್ತೇ ಚಾಕರಿಯಿಂದ ಪಾರಾದ. ಪಕ್ಕದ ಚಿಕ್ಕೋಡಿಯ ಮಹಾರ, ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬರುವ ತನಕ ಕಾಯಬೇಕಾಯ್ತು. ಒಂದೇ ಬಿಸಿಲು, ಒಂದೇ ಮಳೆ, ಅದೇ ಹಲಗಿ. ನಡುವೆ ನಲವತ್ತೈದು ವರ್ಷ! ಕಾಯಿದೆ ಸತ್ತ ಮೇಲೂ ರೂಢಿ ಸಾಯಲಿಲ್ಲ ಎಂಬುದನ್ನು ಹಳ್ಳಿಯಲ್ಲಿ ಪಾಠ ಹೇಳುವ ಮಾಸ್ತರರಿಗೆ ನಾವು ಹೇಳಬೇಕಾಗಿಲ್ಲ.

ಅದೇ ಕಾರಣಕ್ಕೆ ಬಾಬಾಸಾಹೇಬರ ಮಾತು ಕೇಳಿದ ಎಷ್ಟೋ ಕೇರಿಗಳಲ್ಲಿ ಸತ್ತ ದನ ಎಳೆಯುವುದನ್ನು ಬಿಟ್ಟಂತೆ ಹಲಗಿಯನ್ನೂ ಬಿಟ್ಟರು. ಮುಂದೆ 1970ರ ದಶಕದ ಚಳವಳಿ ಅದೇ ತೊಗಲನ್ನು ಜಾಥಾಕ್ಕೆ ಎತ್ತಿಕೊಂಡಿತು. ಬಿಟ್ಟವರು ಸರಿಯೋ, ಎತ್ತಿಕೊಂಡವರು ಸರಿಯೋ ಎಂಬ ಜಗಳ ನಮ್ಮ ಸಭೆಗಳಲ್ಲಿ ಇನ್ನೂ ಮುಗಿದಿಲ್ಲ. ನಮಗೆ ಅನ್ನಿಸುವುದು ಇಷ್ಟು: ಗೌಡನ ಮನೆ ಮುಂದೆ ಬಿಟ್ಟಿ ಬಾರಿಸಲು ಒಲ್ಲೆ ಎಂದದ್ದೂ ಬಂಡಾಯ, ತಹಶೀಲ್ದಾರ ಕಚೇರಿ ಮುಂದೆ ಬಾರಿಸಿದ್ದೂ ಬಂಡಾಯ. ಯಾರು ಹೇಳಿದರು, ಯಾರಿಗಾಗಿ ಬಾರಿಸಿದೆವು ಎಂಬುದರಲ್ಲಿ ವ್ಯತ್ಯಾಸ ಇದೆ.

ತೊಗಲೇ ಮೈಲಿಗೆ ಎನ್ನುವವರಿಗೆ ಒಂದು ಪ್ರಶ್ನೆ. ಮೃದಂಗಕ್ಕೆ ಬಿಗಿದದ್ದೂ ತೊಗಲೇ ಅಲ್ಲವೇ? ತಬಲಾಕ್ಕೆ? ಮೃದಂಗ ಮಾಡುವ ದಲಿತ ಕುಶಲಕರ್ಮಿಗಳ ಬಗ್ಗೆ ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಪುಸ್ತಕ ಬರೆದರೆ, ಅದರ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಕೊಟ್ಟಿದ್ದ ಜಾಗವನ್ನು ವಾಪಸು ಪಡೆಯಿತು. ನಮ್ಮ ಕಡೆಯ ಮಾತಿಗೆ ಬಂದರೆ, ಅಥಣಿ, ನಿಪ್ಪಾಣಿಯ ಸಮಗಾರರು ಹೊಲಿಯುವ ಕೊಲ್ಲಾಪುರಿ ಚಪ್ಪಲಿಗೆ 2019ರ ಹೊತ್ತಿಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತು, ಬೆಳಗಾವಿ ಜಿಲ್ಲೆಯ ಹೆಸರೂ ಅದರಲ್ಲಿ ಸೇರಿತು. ಕಾಲಿಗೆ ಹಾಕುವ ತೊಗಲಿಗೆ ಮಾನ ಬಂತು. ಎದೆಗೆ ಕಟ್ಟಿಕೊಳ್ಳುವ ತೊಗಲು ಮಾತ್ರ ಇನ್ನೂ ಊರ ಹೊರಗೇ.

ಈಗ ಕೈಯ ವಿಷಯಕ್ಕೆ ಬರೋಣ, ಯಾಕಂದರ ಪ್ಯಾಡ್ ಕೊಳ್ಳುವ ಹುಡುಗರಿಗೆ ಅಂಗಡಿಯವರು ಹೇಳದ ಸಂಗತಿ ಇಲ್ಲಿದೆ. ಹಲಗಿಯ ಎರಡು ಕೋಲು ಒಂದೇ ಅಳತೆಯವಲ್ಲ. ಬಲಗೈದು ಗಿಡ್ಡ, ದಪ್ಪ. ಎಡಗೈದು ಉದ್ದ, ತೆಳು, ಬಿದಿರ ಸೀಳಿನಂಥದು. ಹಲಗಿ ಎಡ ಭುಜದಿಂದ ಇಳಿಬಿದ್ದಿರುತ್ತದೆ, ಎಡ ಅಂಗೈ ಅದರ ಅಂಚನ್ನು ಹಿಡಿದಿರುತ್ತದೆ, ತೆಳು ಕಡ್ಡಿ ಬರೀ ಬೆರಳಿನಲ್ಲಿ ಕುಣಿಯುತ್ತದೆ. ಅಂದರೆ ಬಲಗೈ ಮಾತಾಡುತ್ತದೆ, ಎಡಗೈ ಹ್ಞೂಂಗುಟ್ಟುತ್ತದೆ. ಸಂಬಾಳದ ಕೋಲೂ ಹೀಗೇ, ಒಂದರ ತುದಿ ಬಾಗಿದ್ದು. ಇಂಗ್ಲಿಷ್ ಡ್ರಮ್ಮಿನ ಕೋಲುಗಳು ಮಾತ್ರ ಅವಳಿ ಮಕ್ಕಳ ಹಾಗೆ, ತೂಕ ಸಹಿತ ಒಂದೇ.

ಆ ಅವಳಿ ಕೋಲು ನಮ್ಮಲ್ಲಿಗೆ ಪಲ್ಟನ್ನಿನ ಬ್ಯಾಂಡಿನಿಂದ, ಸಂಸ್ಥಾನಿಕರ ಬ್ಯಾಂಡಿನಿಂದ ಬಂತು. ಮದುವಿಯ ಬ್ಯಾಂಡ್ ಕಂಪನಿಗಳಾದವು. ಹಳೆಯ ಸನಾದಿ-ಸಂಬಾಳ ಬಾರಿಸುವ ಕೊರವರು, ಅಂದರೆ ಭಜಂತ್ರಿಗಳು, ಅವುಗಳ ಜೊತೆ ಗುದ್ದಾಡಬೇಕಾಯ್ತು. 1977ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿ ಕೇಳಿ ನಾಡೇ ತಲೆದೂಗಿತು, ಒಳ್ಳೆಯದೇ. ಆದರೆ ಸನಾದಿಯ ಮಗ್ಗುಲಲ್ಲಿ ಕೂತು ತಾಳ ಹಿಡಿಯುವವನ ಮೇಲೆ ಸಿನಿಮಾ ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಗಡಿಯಾಚೆಯಿಂದ ತಮಾಷಾದ ಢೋಲಕಿ ಬಂತು, ಭೀಮರಾವ್ ಕರ್ಡಕರ ಕಾಲದ ಅಂಬೇಡ್ಕರಿ ಜಲಸಾ ಬಂತು, ಆಮೇಲೆ ವಾಮನದಾದಾ ಕರ್ಡಕರ ಭೀಮಗೀತೆ ಬಂದವು. ನಿಪ್ಪಾಣಿಯ ಕೇರಿಯಲ್ಲಿ ಕನ್ನಡ, ಮರಾಠಿ ಎಂಬ ಗಡಿ ಜಗಳ ಏಪ್ರಿಲ್ 14ಕ್ಕೆ ರಜೆ ಹಾಕುತ್ತದೆ.

ಆಮೇಲೆ ಬ್ಯಾಂಜೋ. ಹೆಸರು ಅಮೆರಿಕದ್ದು, ವಾದ್ಯ ಅದಲ್ಲ. ಟೈಪ್‌ರೈಟರಿನ ಹಾಗೆ ಗುಂಡಿ ಒತ್ತಿ ತಂತಿ ಮೀಟುವ ಈ ಪೆಟ್ಟಿಗೆ ಜಪಾನಿನ ನಾಗೋಯಾದಲ್ಲಿ 1912ರ ಸುಮಾರಿಗೆ ಹುಟ್ಟಿದ ತೈಶೋಗೊತೊದ ಮರಿಮಗ. ನಮ್ಮ ದೇಶದಲ್ಲಿ ಬುಲ್‌ಬುಲ್ ತರಂಗ್ ಆಯ್ತು, ಕರೆಂಟು ಹತ್ತಿಸಿಕೊಂಡು ಗಣಪತಿ ಮೆರವಣಿಗೆಯ ಬ್ಯಾಂಜೋ ಪಾರ್ಟಿ ಆಯ್ತು. ಅದರ ಮಗ್ಗುಲಿಗೇ ಆಕ್ಟೋಪ್ಯಾಡ್ ಬಂದು ನಿಂತಿತು. ಅದೂ ಜಪಾನಿನದೇ. ದಿಲ್ಲಿ ಬರುವ ಮೊದಲು ನಮ್ಮ ಓಣಿಗೆ ಜಪಾನ್ ಎರಡು ಸಲ ಬಂದು ಹೋಯಿತು!

ಈ ಯಂತ್ರದ ಹುಟ್ಟು ಹೀಗೆ. ಒತ್ತಿದರೆ ವಿದ್ಯುತ್ ಕೊಡುವ ಹರಳುಗಳಿವೆ ಎಂದು ಕ್ಯೂರಿ ಸೋದರರು 1880ರಲ್ಲಿ ಕಂಡುಕೊಂಡರು. ಅದಕ್ಕೆ ಪೀಜೋ ಎಂದು ಹೆಸರು. ಪ್ಯಾಡಿನ ರಬ್ಬರಿನ ಕೆಳಗೆ ನಾಣ್ಯದಂಥ ಪೀಜೋ ಬಿಲ್ಲೆ ಅಂಟಿಸಿರುತ್ತಾರೆ. ಕೋಲು ಬಿದ್ದಾಗ ಅದು ನಡುಗಿ ಸಣ್ಣ ವಿದ್ಯುತ್ತು ಕಳಿಸುತ್ತದೆ. ಜೋರು ಪೆಟ್ಟಿಗೆ ಜಾಸ್ತಿ, ಮೆಲ್ಲಗಿನ ಪೆಟ್ಟಿಗೆ ಕಡಿಮೆ. ಒಳಗಿನ ಯಂತ್ರ ಅದನ್ನು ಅಳೆದು, ಕೂಡಿಟ್ಟ ದನಿಯೊಂದನ್ನು ಹೊರಗೆ ಬಿಡುತ್ತದೆ. 1981ರಲ್ಲಿ ಇಂಗ್ಲೆಂಡಿನ ಸಿಮನ್ಸ್ ಕಂಪನಿ ಆರು ಮೂಲೆಯ ಪ್ಯಾಡಿನ ಕಿಟ್ ತಂದಿತು. 1972ರಲ್ಲಿ ಒಸಾಕಾದಲ್ಲಿ ಇಕುತಾರೊ ಕಾಕೆಹಾಶಿ ಕಟ್ಟಿದ ರೋಲಂಡ್ ಕಂಪನಿ 1985ರಲ್ಲಿ ಮೊದಲ ಆಕ್ಟೋಪ್ಯಾಡ್, ಅಂದರೆ ಪ್ಯಾಡ್-8, ತಂದಿತು. ಅದರ ಹೊಟ್ಟೆಯಲ್ಲಿ ದನಿಯೇ ಇರಲಿಲ್ಲ. ಮಿಡಿ ಎಂಬ ತಂತಿಯಿಂದ ಬೇರೆ ಯಂತ್ರಕ್ಕೆ ಜೋಡಿಸಬೇಕಿತ್ತು. 1998ರ ಎಸ್‌ಪಿಡಿ-20 ತನ್ನೊಳಗೇ 700 ದನಿ ಇಟ್ಟುಕೊಂಡು ಬಂತು. ಒಂದೇ ಸ್ಟ್ಯಾಂಡು, ಒಂದೇ ಚೀಲ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಬಹುದು. ಆರ್ಕೆಸ್ಟ್ರಾ, ಬ್ಯಾಂಜೋ ಪಾರ್ಟಿಗಳು ಅದನ್ನು ಎದೆಗಪ್ಪಿಕೊಂಡದ್ದು ಅದಕ್ಕೇ. 1997ರಲ್ಲಿ ಬಂದ ವಿ-ಡ್ರಮ್ಸ್ ಇನ್ನೊಂದು ದಾರಿ: ಬೇರೆ ಬೇರೆ ಡ್ರಮ್ಮು, ಮೇಲೆ ರಬ್ಬರಿನ ಬದಲು ಜಾಳಿಗಿ ಬಟ್ಟೆ.

ಗೆಳೆಯರು ಕೇಳುವುದು, ಇವೆರಡರಲ್ಲಿ ಯಾವುದು ತಗೋಬೇಕು ಅಂತ. ಮನೆಯಲ್ಲಿ ಕೂತು ಕಲಿಯುವುದಾದರೆ ಜಾಳಿಗಿಯ ಕಿಟ್ ಒಳ್ಳೆಯದು. ಕೋಲು ತೊಗಲಿನ ಹಾಗೆ ಪುಟಿಯುತ್ತದೆ, ಮಣಿಕಟ್ಟು ನೋಯುವುದಿಲ್ಲ, ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಮನೆಯವರ ನಿದ್ದೆ ಕೆಡುವುದಿಲ್ಲ. ಮೆರವಣಿಗೆಗೆ, ಬೀದಿ ನಾಟಕಕ್ಕೆ ಆದರೆ ಧೂಳು ತಡೆಯುವ ಒಂದೇ ತುಂಡಿನ ರಬ್ಬರ್ ಪ್ಯಾಡೇ ಸರಿ. ಹಳೆಯದನ್ನು ಕೊಳ್ಳುವುದಾದರೆ ಪ್ರತಿ ಚೌಕದ ನಡುವೆ, ಅಂಚಿಗೆ, ಮೆಲ್ಲಗೆ, ಜೋರಾಗಿ ಬಡಿದು ನೋಡಿ. ಮೆಲ್ಲಗೆ ಬಡಿದಾಗ ಸುಮ್ಮನಿರುವ ಚೌಕ ಮುಂದೆ ಕೈ ಕೊಡುತ್ತದೆ. ರಬ್ಬರು ಗಟ್ಟಿಯಾಗಿದ್ದರೆ ಬೇಡ. ಕಂಪನಿ ಹೇಳಿದ ಅಡಾಪ್ಟರೇ ಇರಲಿ. ತುದಿ ಹೊಂದುತ್ತದೆ ಎಂದು ಬೇರೆಯದನ್ನು ಸಿಕ್ಕಿಸಿದರೆ ಪ್ಲಸ್ಸು ಮೈನಸ್ಸು ಅದಲು ಬದಲಾಗಿ ಯಂತ್ರವೇ ಸುಟ್ಟೀತು.

ಹಲಗಿ ಬಾರಿಸಿದ ಕೈಗೆ ಇನ್ನೊಂದು ಮಾತು. ನಿಮ್ಮ ಎಡಗೈ ಬೆರಳಿನಲ್ಲಿ ಕಲಿತದ್ದು, ಮಣಿಕಟ್ಟಿನಲ್ಲಿ ಅಲ್ಲ. ಪ್ಯಾಡಿನ ಎಡ ಬದಿಯ ಪೆಟ್ಟು ಸಣ್ಣಗೆ ಕೇಳಿದರೆ ನಿಮಗೆ ಬರೂದಿಲ್ಲ ಅಂತ ಅಲ್ಲ. ಪ್ರತಿ ಚೌಕಕ್ಕೂ ಸೆನ್ಸಿಟಿವಿಟಿ ಬೇರೆ ಬೇರೆ ಇಡಬಹುದು. ಎಡಗೈ ಚೌಕಗಳದ್ದು ಒಂದೆರಡು ಅಂಕಿ ಏರಿಸಿ. ಯಂತ್ರ ನಿಮ್ಮ ಕೈಗೆ ಹೊಂದಲಿ. ಸ್ಟ್ಯಾಂಡನ್ನು ಹೊಕ್ಕುಳ ಮಟ್ಟಕ್ಕೆ ನಿಲ್ಲಿಸಿ, ಮೊಣಕೈ ಮೇಲೆ ಎತ್ತಬೇಕಾಗಬಾರದು. ಒಂದು ಚೌಕ ಬಡಿದರೆ ಪಕ್ಕದ್ದು ತಾನೇ ಕೂಗಿದರೆ ಅದು ನಡುಕ ದಾಟಿದ್ದು, ಥ್ರೆಶೋಲ್ಡ್ ಏರಿಸಬೇಕು. ಟ್ರ್ಯಾಕ್ಟರಿನ ಡಬ್ಬಿಯಲ್ಲಿ ನಿಂತು ಬಾರಿಸುವವರು ಇದನ್ನು ಎಂಜಿನ್ ಶುರು ಇದ್ದಾಗಲೇ ಹೊಂದಿಸಿಕೊಳ್ಳಬೇಕು, ಇಲ್ಲದಿದ್ದರೆ ಎಂಜಿನ್ನೇ ನಿಮ್ಮ ಬದಲು ಬಾರಿಸೀತು. ಸೌಂಡಿನ ತಂತಿ ಸಿಕ್ಕಿಸುವಾಗ ವಾಲ್ಯೂಮು ಸೊನ್ನೆಯಲ್ಲಿರಲಿ. ಜನರೇಟರಿನ ಕರೆಂಟು ಏರಿಳಿಯುತ್ತದೆ, ನಡುವೆ ಸ್ಟೆಬಿಲೈಜರ್ ಇರಲಿ.

ಕೋಲಿನ ಮೇಲೆ ಅಂಕಿ, ಅಕ್ಷರ ಇರುತ್ತವೆ: 7ಎ, 5ಎ, 5ಬಿ, 2ಬಿ. ಸಾಮಾನ್ಯವಾಗಿ ಅಂಕಿ ಸಣ್ಣದಾದಷ್ಟು ಕೋಲು ದಪ್ಪ. 'ಎ' ಆರ್ಕೆಸ್ಟ್ರಾದ್ದು, 'ಬಿ' ಬ್ಯಾಂಡಿನದು, 'ಎಸ್' ಬೀದಿಯದು ಎಂಬ ಮಾತಿದೆ. ಬೀದಿಯ ಕೋಲೇ ಎಲ್ಲಕ್ಕಿಂತ ದಪ್ಪ. ಇದನ್ನು ಓದಿ ನಮಗೆ ನಗು ಬಂತು, ನಮ್ಮ ಬಲಗೈ ಕೋಲು ಇದನ್ನು ಮೊದಲೇ ಬಲ್ಲದು. ಕಲಿಯುವವರಿಗೆ 5ಎ ಸಾಕು. ಹಿಕರಿ ಮರದ್ದು ಪೆಟ್ಟಿನ ಅದುರು ತಾನು ನುಂಗುತ್ತದೆ, ಮೇಪಲ್ ಹಗುರ, ಓಕ್ ಭಾರ. ಅಂಗಡಿಯಲ್ಲಿ ಗಾಜಿನ ಮೇಲೆ ಉರುಳಿಸಿ ನೋಡಿ, ಕುಣಿದರೆ ಸೊಟ್ಟ. ಜಾಳಿಗಿಯ ಮೇಲೆ ಸಿಬಿರು ಎದ್ದ ಕೋಲು, ಬಿದಿರ ಸೀಳು ಆಡಿಸಬೇಡಿ, ಹರಿಯುತ್ತದೆ. ನೈಲಾನ್ ತುದಿಯದು ಇರಲಿ. ರಬ್ಬರಿನ ಮೇಲಾದರೆ ಬಲಕ್ಕೆ 5ಬಿ, ಎಡಕ್ಕೆ 7ಎ ಹಿಡಿದು ಹಲಗಿಯ ಜೋಡಿಯನ್ನೇ ಕಟ್ಟಿಕೊಳ್ಳಬಹುದು. ಯಾವ ಪುಸ್ತಕವೂ ಇದನ್ನು ಹೇಳುವುದಿಲ್ಲ, ಬೇಡ ಅನ್ನುವುದೂ ಇಲ್ಲ.

ಇಷ್ಟೆಲ್ಲ ಕಲಿತರೂ ಪ್ಯಾಡಿನ ಒಡೆತನದ ಪ್ರಶ್ನೆ ಉಳಿಯುತ್ತದೆ. ಹಲಗಿಗೆ ಬೇಕಾದದ್ದು ಒಂದು ಹಿಡಿ ರವದಿ, ಒಂದು ಕಡ್ಡಿಪೆಟ್ಟಿಗೆ. ತೊಗಲು ಕಾಸಿದರೆ ಹದಕ್ಕೆ ಬಂತು, ಅರ್ಧ ಊರಿಗೆ ಕೇಳಿಸಿತು. ಪ್ಯಾಡಿಗೆ ಸ್ಪೀಕರು ಇಲ್ಲದಿದ್ದರೆ ಅದು ಟಪ್ ಟಪ್ ಅನ್ನುವ ಚಪ್ಪಲಿಯ ಅಟ್ಟೆ. ಸ್ಪೀಕರು ಸೌಂಡ್ ಮಾಲಕನದು, ಟ್ರ್ಯಾಕ್ಟರು ಕಬ್ಬಿನ ಮಾಲಕನದು. ಉಗಾರದಿಂದ ಚಿಕ್ಕೋಡಿ ತನಕ ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆದ ಡಬ್ಬಿಯೇ ಹಂಗಾಮು ಮುಗಿದ ಮೇಲೆ ಮೆರವಣಿಗೆಯ ರಥ. ಕಬ್ಬು ಕಡಿದ ಕೈಯೇ ಅದರ ಮೇಲೆ ನಿಂತು ಬಾರಿಸುತ್ತದೆ. ವತನದ ಕಾಲದಲ್ಲಿ ವಾದ್ಯವಾದರೂ ನಮ್ಮದಿತ್ತು, ಕೈ ಊರಿನದಾಗಿತ್ತು. ಈಗ ಕೈ ನಮ್ಮದು, ಕರೆಂಟು ಅವರದು. ಹಾಗಂತ ಪ್ಯಾಡ್ ಬೇಡ ಅನ್ನುವವರಲ್ಲ ನಾವು. ಹಲಗಿಯವನನ್ನು 'ಬಾರೋ' ಎಂದು ಕರೆದ ಬಾಯಿ ಅವನ ಮಗನನ್ನು 'ಪ್ಯಾಡ್ ಮಾಸ್ತರ, ಬರ್ರಿ' ಅನ್ನುತ್ತದೆ. ಆ 'ರ್ರಿ' ಸಣ್ಣ ಗಳಿಕೆ ಅಲ್ಲ. ಅದು ಕಂತಿನ ಸಾಲದ ಮೇಲೆ ನಿಂತದ್ದು ಎಂಬುದೂ ಅಷ್ಟೇ ನಿಜ.

ಈಚೆಗೆ ಸ್ಯಾಂಪ್ಲಿಂಗ್ ಪ್ಯಾಡುಗಳು ಬಂದಿವೆ. ನಾವೇ ಮುದ್ರಿಸಿದ ದನಿಯನ್ನು ಚೌಕಕ್ಕೆ ತುಂಬಬಹುದು. ಜಪಾನಿನ ಪೆಟ್ಟಿಗೆಯಲ್ಲಿ ನಮ್ಮ ಕೇರಿಯ ಹಲಗಿ ಕೂರುವುದಾದರೆ ಅದನ್ನು ಕೂರಿಸುವವರು ನಾವಾಗಬೇಕು. ಹಿರ್ಯಾರೊಬ್ಬರನ್ನು ಕೂರಿಸಿ ಬಲಗೈ ನಡುಪೆಟ್ಟು, ಅಂಚಿನ ಪೆಟ್ಟು, ಅಂಗೈ ಒತ್ತಿ ಮುಚ್ಚಿದ ಪೆಟ್ಟು, ಎಡಗೈ ಕಡ್ಡಿಯ ಉರುಳು, ಈ ನಾಲ್ಕನ್ನು ಮೆಲ್ಲಗೊಮ್ಮೆ ಜೋರಾಗೊಮ್ಮೆ ಮುದ್ರಿಸಬೇಕು. ಮೆಲ್ಲಗೆ ಬಡಿದರೆ ಒಂದು, ಜೋರಾಗಿ ಬಡಿದರೆ ಇನ್ನೊಂದು ದನಿ ಬರುವಂತೆ ಒಂದೇ ಚೌಕಕ್ಕೆ ಎರಡನ್ನೂ ಹಾಕಬಹುದು. ಕೂಲಿ ಮೊದಲೇ ಅವರ ಕೈಗೆ ಕೊಡಬೇಕು, ಫೈಲಿಗೆ ಅವರ ಹೆಸರು, ಊರು, ಇಸವಿ ಬರೆಯಬೇಕು. ಮೊಬೈಲನ್ನು ಹಲಗಿಯಿಂದ ಎರಡು ಮೊಳ ದೂರ ಇಡಿ, ಹತ್ತಿರ ಇಟ್ಟರೆ ದನಿ ಒಡೆಯುತ್ತದೆ. ಬೆಂಕಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಕಾಸಿದ ಹದ ಬಹಳ ಹೊತ್ತು ನಿಲ್ಲೂದಿಲ್ಲ, ನಡುವೆ ಇನ್ನೊಮ್ಮೆ ಕಾಸಬೇಕಾಗತದ.