ಪಾನ್ಜವೆಕ್ಕಿಯಾ, ಇಗ್ನಾಜಿಯೊ (1855–1925)

ಮಾಲ್ಟಾ ದ್ವೀಪದ ಕಥೋಲಿಕ ಪಾದ್ರಿ, ರಾಜಕೀಯ ಮುಖಂಡ. ಬ್ರಿಟಿಷ್ ಆಡಳಿತದ ಮಾಲ್ಟಾದಲ್ಲಿ ಶಾಲೆಯ ಭಾಷೆಯೇ ರಾಜಕೀಯದ ತಿರುಳಾಗಿತ್ತು. ಚರ್ಚು, ವಕೀಲವರ್ಗ ಮತ್ತು ವಿದ್ಯಾವಂತರು ಇಟಾಲಿಯನ್ನಿಗೆ ಅಂಟಿಕೊಂಡಿದ್ದರು. ಸರ್ಕಾರ ಇಂಗ್ಲಿಷನ್ನು ಮುಂದೊತ್ತುತ್ತಿತ್ತು. ಹದಿನೈದು ವರ್ಷಗಳಲ್ಲಿ ನ್ಯಾಯಾಲಯಗಳಿಗೆ ಇಂಗ್ಲಿಷ್ ತರುವುದಾಗಿ 1899ರಲ್ಲಿ ಬಂದ ಘೋಷಣೆ ಕಿಡಿ ಹೊತ್ತಿಸಿತು. 1902ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಪಾನ್ಜವೆಕ್ಕಿಯಾ ಇಟಾಲಿಯನ್ ಪರ ನಿಂತರು. ಆದರೆ ಮಕ್ಕಳು ಮನೆಯಲ್ಲಿ ಆಡುತ್ತಿದ್ದುದು ಇವೆರಡನ್ನೂ ಅಲ್ಲ, ಅರಬ್ಬಿ ಮೂಲದ ಮಾಲ್ಟೀಸ್ ನುಡಿಯನ್ನು. ಎರಡೂ ಬಣಗಳು ಆ ನುಡಿಗೆ ಬಹುಕಾಲ ಸಲ್ಲಬೇಕಾದ ಗೌರವ ಕೊಡಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

1921ರಲ್ಲಿ ಸ್ವಯಮಾಡಳಿತ ಬಂದಾಗ ಇವರ ಮಾಲ್ಟಾ ರಾಜಕೀಯ ಒಕ್ಕೂಟ 32 ಸ್ಥಾನಗಳಲ್ಲಿ 14 ಗೆದ್ದು ಅತಿ ದೊಡ್ಡ ಪಕ್ಷವಾಯಿತು. ವಲೆಟ್ಟಾದ ಅರಮನೆಯಲ್ಲಿ, ಗೋಡೆ ತುಂಬ ನೇಯ್ದ ಚಿತ್ರಪಟಗಳಿದ್ದ ಸಭಾಂಗಣದಲ್ಲಿ ಶಾಸನಸಭೆ ಸೇರತೊಡಗಿತು. ಪ್ರಧಾನಿ ಪಟ್ಟ ಕೈಗೆಟಕುವಷ್ಟು ಹತ್ತಿರವಿತ್ತು; ಪಾದ್ರಿಯಾದ ತನಗೆ ಅದು ತಕ್ಕುದಲ್ಲವೆಂದು ಅವರು ಒಪ್ಪಲಿಲ್ಲ. ಆ ಕಾಲಕ್ಕೆ ಇದು ದೊಡ್ಡ ನಡೆ. ಜೋಸೆಫ್ ಹೊವಾರ್ಡ್ ಮೊದಲ ಪ್ರಧಾನಿಯಾದರು.

ಪಾನ್ಜವೆಕ್ಕಿಯಾ ತೀರಿಕೊಂಡ ಮರುವರ್ಷ, 1926ರಲ್ಲಿ, ಅವರ ಪಕ್ಷ ಇನ್ನೊಂದು ರಾಷ್ಟ್ರೀಯವಾದಿ ಪಕ್ಷದೊಡನೆ ಬೆರೆತು ಇಂದಿನ ನ್ಯಾಷನಲಿಸ್ಟ್ ಪಕ್ಷವಾಯಿತು. 1934ರಲ್ಲಿ ಮಾಲ್ಟೀಸ್ ಅಧಿಕೃತ ಭಾಷೆಯ ಸ್ಥಾನ ಪಡೆಯಿತು.