ಫ್ಲಾಶ್ ಬೆಳಕು ತಲುಪಿದಷ್ಟು ದೂರ

ವಾಷಿಂಗ್ಟನ್ನಿನ ಹಳೆಯ ಪಂಕ್ ಫೋಟೋಗಳನ್ನು ನೋಡಿದಾಗ ಹಾಡುವವನು ಯಾರು, ಕೇಳುವವರು ಯಾರು ಅಂತ ಥಟ್ಟನೆ ಗೊತ್ತಾಗುವುದಿಲ್ಲ. ವೇದಿಕೆ ಇದ್ದರೂ ಮೊಣಕಾಲೆತ್ತರ, ಎಷ್ಟೋ ಕಡೆ ಅದೂ ಇಲ್ಲ. ಒಂದೇ ಮೈಕಿಗೆ ನಾಲ್ಕು ಬಾಯಿಗಳು ತೆರೆದುಕೊಂಡಿರುತ್ತವೆ, ಅದರಲ್ಲಿ ಒಂದು ಮಾತ್ರ ಬ್ಯಾಂಡಿನವನದು! ಫೋಟೋ ತೆಗೆದವರು ಎಲ್ಲಿದ್ದರು? ಅದೇ ನೂಕುನುಗ್ಗಲಿನಲ್ಲಿ, ಅವರಷ್ಟೇ ಬೆವರುತ್ತಾ.

ವಾಷಿಂಗ್ಟನ್ ಅಂದರೆ ನಮಗೆ ವೈಟ್ ಹೌಸು, ಅಧ್ಯಕ್ಷರು, ಯುದ್ಧ. ಆದರೆ 1979-80ರ ಸುಮಾರಿಗೆ ಅದೇ ಊರಿನ ಹೈಸ್ಕೂಲು ಹುಡುಗ ಹುಡುಗಿಯರು ತಮ್ಮದೇ ಆದ ಒಂದು ಸಂಗೀತ ಲೋಕ ಕಟ್ಟಿಕೊಳ್ಳುತ್ತಿದ್ದರು. ದೊಡ್ಡ ಕಂಪನಿಗಳು ಇವರ ಕಡೆ ತಿರುಗಿ ನೋಡುವುದಿಲ್ಲ ಅಂತ ಗೊತ್ತಿದ್ದರಿಂದ ಎಲ್ಲವನ್ನೂ ತಾವೇ ಮಾಡಿಕೊಂಡರು. ಟೀನ್ ಐಡಲ್ಸ್ ಅನ್ನುವ ಬ್ಯಾಂಡು ಒಡೆದುಹೋದಾಗ, ಅದರಲ್ಲಿದ್ದ ಇಯಾನ್ ಮೆಕಾಯ್, ಜೆಫ್ ನೆಲ್ಸನ್ ಮತ್ತು ಗೆಳೆಯರು ಕೂಡಿಟ್ಟಿದ್ದ ದುಡ್ಡಿನಲ್ಲಿ ತಮ್ಮದೇ ಒಂದು ರೆಕಾರ್ಡು ಹೊರತಂದರು. 1980ರಲ್ಲಿ ಡಿಸ್ಕಾರ್ಡ್ ರೆಕಾರ್ಡ್ಸ್ ಹುಟ್ಟಿದ್ದು ಹೀಗೆ. ರೆಕಾರ್ಡಿನ ಹೊದಿಕೆಯನ್ನು ಮನೆಯಲ್ಲೇ ಕೂತು ಕತ್ತರಿಸಿ, ಮಡಚಿ, ಅಂಟಿಸುತ್ತಿದ್ದರು. ಆ ಹೊದಿಕೆಗೆ ಬೇಕಾದ ಫೋಟೋ ಕೂಡ ಗೆಳೆಯರಲ್ಲೇ ಯಾರಾದರೂ ತೆಗೆಯಬೇಕಿತ್ತು.

ಆ ಕೆಲಸ ಎಷ್ಟು ಕಷ್ಟದ್ದು ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಮೊಬೈಲಿನಲ್ಲಿ ನಿಮಿಷಕ್ಕೆ ಐವತ್ತು ಫೋಟೋ ತೆಗೆಯುವ ನಮಗೆ ಅದು ಅಂದಾಜಿಗೆ ಸಿಗುವುದಿಲ್ಲ. ಒಂದು ರೀಲಿನಲ್ಲಿ 36 ಫೋಟೋ, ಅಷ್ಟೇ. ರೀಲಿಗೂ ದುಡ್ಡು, ಡೆವಲಪ್ ಮಾಡಲಿಕ್ಕೂ ದುಡ್ಡು. ಇವರ ಕೆಲವು ಹಾಡುಗಳೋ ಒಂದು ನಿಮಿಷವೂ ಇರುವುದಿಲ್ಲ. ರೀಲು ಬದಲಾಯಿಸುವಷ್ಟರಲ್ಲಿ ಎರಡು ಹಾಡು ಮುಗಿದಿರುತ್ತದೆ! ನೆಲಮಾಳಿಗೆಯಲ್ಲಿ ಎರಡೋ ಮೂರೋ ಬಲ್ಬು. 400 ವೇಗದ ಕಪ್ಪು-ಬಿಳುಪು ರೀಲನ್ನು 1600 ಅಂತ ಲೆಕ್ಕ ಹಿಡಿದು ತೆಗೆದು, ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಚಿತ್ರವೇನೋ ಮೂಡುತ್ತದೆ. ಆದರೆ ಕಾಳುಕಾಳಾಗಿ, ಮುಖದ ಮೇಲೆ ರವೆ ಉದುರಿಸಿದ ಹಾಗೆ. ಕುಣಿಯುವವರು ಹೇಗೂ ಮಸುಕು.

ಅದಕ್ಕೇ ಬಹಳ ಜನ ಫ್ಲಾಶ್ ಹಾಕುತ್ತಿದ್ದರು. ಫ್ಲಾಶಿನ ಮಿಂಚು ಸೆಕೆಂಡಿನ ಸಾವಿರದ ಒಂದು ಭಾಗವೋ ಇನ್ನೂ ಕಡಿಮೆಯೋ, ಹಾಗಾಗಿ ಗಾಳಿಯಲ್ಲಿ ಹಾರಿದವನು ಗಾಳಿಯಲ್ಲೇ ನಿಂತುಬಿಡುತ್ತಾನೆ. ಆದರೆ ಆ ಕಾಲದ ಕ್ಯಾಮೆರಾಗಳಲ್ಲಿ ಫ್ಲಾಶ್ ಇದ್ದಾಗ ಶಟರ್ ಸಾಮಾನ್ಯವಾಗಿ 1/60 ಸೆಕೆಂಡಿಗೆ ಇಡಬೇಕಿತ್ತು. ಬಲ್ಬಿನ ಬೆಳಕು ಬಿದ್ದಿದ್ದರೆ ಅಷ್ಟರಲ್ಲೇ ಒಂದು ನೆರಳಿನ ಬಾಲವೂ ಮೂಡುತ್ತಿತ್ತು. ಫೋಕಸ್ ಮಾಡಲಿಕ್ಕೆ ಪುರುಸೊತ್ತು ಎಲ್ಲಿ? ಆರು ಅಡಿಗೆ ಅಂತ ಮೊದಲೇ ಹೊಂದಿಸಿಟ್ಟು, ಕ್ಯಾಮೆರಾವನ್ನು ತಲೆ ಮೇಲೆ ಎತ್ತಿ ಹಿಡಿದು ಒತ್ತುವುದು. ಏನು ಬಂತು ಅನ್ನುವುದು ರೀಲು ತೊಳೆದ ಮೇಲೆಯೇ ಗೊತ್ತಾಗುವುದು. ಇನ್ನೊಂದು ಅನುಕೂಲವೂ ಇತ್ತು. ಫೋಟೋಗಳು ಹೆಚ್ಚಾಗಿ ಅಚ್ಚಾಗುತ್ತಿದ್ದದ್ದು ಜೆರಾಕ್ಸ್ ಮಾಡಿದ ಪುಟ್ಟ ಪತ್ರಿಕೆಗಳಲ್ಲಿ. ಜೆರಾಕ್ಸ್ ಯಂತ್ರಕ್ಕೆ ಬೂದು ಬಣ್ಣ ಅರ್ಥವಾಗುವುದಿಲ್ಲ, ಕಡುಗಪ್ಪು-ಬಿಳುಪಿನ ಫ್ಲಾಶ್ ಚಿತ್ರ ಮಾತ್ರ ಅಲ್ಲಿ ಉಳಿದುಕೊಳ್ಳುತ್ತದೆ. 'ಪಂಕ್ ಶೈಲಿ' ಅಂತ ಈಗ ಕರೆಯುವುದರಲ್ಲಿ ಅರ್ಧ ಈ ಬಡತನದ್ದು.

ಫ್ಲಾಶಿಗೆ ಇನ್ನೊಂದು ಗುಣವಿದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಆರು ಅಡಿಯಲ್ಲಿರುವ ಹಾಡುಗಾರ ಹಗಲಿನಂತೆ ಕಾಣುತ್ತಾನೆ, ಹನ್ನೆರಡು ಅಡಿ ಹಿಂದಿರುವ ಡ್ರಮ್ಮರ್ ಕತ್ತಲಲ್ಲಿ ಕರಗಿರುತ್ತಾನೆ. ಕೋಣೆಯ ಹಿಂದಿನ ಗೋಡೆಗೆ ಒರಗಿ ನಿಂತವರಂತೂ ಇಲ್ಲವೇ ಇಲ್ಲ. ವರ್ಷ ಕಳೆದಂತೆ ಮುಂದಿನ ಸಾಲಿನ ಕುಣಿತ ಒರಟಾಗಿ, ಗುದ್ದಾಟವಾಗಿ, ಅನೇಕ ಹುಡುಗಿಯರು ಹಿಂದೆ ಸರಿದರು. ಆಮೇಲಿನ ಚಿತ್ರಗಳನ್ನು ನೋಡಿದವರು 'ಇದು ಬರೀ ಬಿಳಿ ಹುಡುಗರ ಗಲಾಟೆ' ಅಂದುಬಿಟ್ಟರೆ ಅವರನ್ನು ಹೇಗೆ ದೂರುವುದು?

ಆ ಮಾತು ಸುಳ್ಳು ಅನ್ನುವುದಕ್ಕೂ ಫೋಟೋಗಳೇ ಸಾಕ್ಷಿ. 1979ರಲ್ಲಿ ಲೂಸಿಯನ್ ಪರ್ಕಿನ್ಸ್ ಅನ್ನುವ ಯುವಕ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯಲ್ಲಿ ಇಂಟರ್ನ್ ಆಗಿದ್ದ. ಆ ದಿನಗಳಲ್ಲಿ ಆತ ಕೆಲವು ಪಂಕ್ ಕಾರ್ಯಕ್ರಮಗಳಿಗೆ ಹೋಗಿ ಫೋಟೋ ತೆಗೆದ. ಅದರಲ್ಲೊಂದು ವ್ಯಾಲಿ ಗ್ರೀನ್ ಅನ್ನುವ ಬಡವರ ಸರ್ಕಾರಿ ವಸತಿಯ ಬಯಲಿನಲ್ಲಿ ನಡೆದದ್ದು. ನುಡಿಸಿದವರಲ್ಲಿ ಬ್ಯಾಡ್ ಬ್ರೈನ್ಸ್ ಇದ್ದರು. ಆ ಊರಿನ ಪಂಕ್‌ಗೆ ದಾರಿ ತೋರಿಸಿದ ಬ್ಯಾಂಡು, ನಾಲ್ವರೂ ಕಪ್ಪು ಜನಾಂಗದವರು. ಹಗಲು ಬೆಳಕು, ಫ್ಲಾಶಿನ ಹಂಗಿಲ್ಲ, ಹಾಗಾಗಿ ಸುತ್ತ ಬೆರಗಾಗಿ ನಿಂತ ಅಲ್ಲಿನ ಮಕ್ಕಳೂ ಚಿತ್ರಕ್ಕೆ ಸಿಕ್ಕಿದ್ದಾರೆ.

ಪರ್ಕಿನ್ಸ್ ಮುಂದೆ ಎರಡು ಸಲ ಪುಲಿಟ್ಜರ್ ಪಡೆದ ದೊಡ್ಡ ಪತ್ರಿಕಾ ಛಾಯಾಗ್ರಾಹಕ. ಈ ನೆಗೆಟಿವ್‌ಗಳು ಪೆಟ್ಟಿಗೆಯಲ್ಲೇ ವರ್ಷಗಟ್ಟಲೆ ಮಲಗಿದ್ದವು. ಅವರ ಸಂಗ್ರಹವನ್ನು ಜೋಡಿಸುತ್ತಿದ್ದ ಲೆಲಿ ಕಾನ್‌ಸ್ಟಾಂಟಿನೋಪಲ್ ಅದನ್ನು ನೋಡುತ್ತಾ ಹೋದಾಗ ಗುಂಪಿನಲ್ಲಿ ಒಬ್ಬ ಚಿಕ್ಕ ಹುಡುಗನ ಗುರುತು ಹತ್ತಿತು. ಅವನು ಅಲೆಕ್ ಮೆಕಾಯ್, ಇಯಾನ್‌ನ ತಮ್ಮ, ಆಕೆಯ ಸಂಗಾತಿ! 2013ರಲ್ಲಿ ಆ ಚಿತ್ರಗಳು 'ಹಾರ್ಡ್ ಆರ್ಟ್, ಡಿಸಿ 1979' ಅನ್ನುವ ಪುಸ್ತಕವಾದವು, ಬರಹ ಅಲೆಕ್‌ನದು.

ಈ ಅಲೆಕ್‌ನನ್ನು ಜಗತ್ತು ನೋಡಿದ್ದು ಇನ್ನೊಂದು ಚಿತ್ರದಲ್ಲಿ, ಅದೂ ಮುಖವಿಲ್ಲದೆ. ಸೂಸಿ ಜೋಸೆಫ್‌ಸನ್ (ಮುಂದೆ ಸೂಸಿ ಹೋರ್ಗನ್) ಜಾರ್ಜ್‌ಟೌನಿನ ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಯಾನ್, ಮುಂದೆ ಬ್ಲಾಕ್ ಫ್ಲಾಗ್ ಸೇರಿದ ಹೆನ್ರಿ ರೋಲಿನ್ಸ್ ಅಲ್ಲಿಯೇ ಜೊತೆಗಾರರು. ಆಕೆ ತೆಗೆದ ಒಂದು ಫೋಟೋದಲ್ಲಿ ತಲೆ ಬೋಳಿಸಿಕೊಂಡ ಅಲೆಕ್ ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ಕೈ ಮಡಚಿ, ಅದರ ಮೇಲೆ ತಲೆ ಇಟ್ಟಿದ್ದಾನೆ. ಹಾಡಿಲ್ಲ, ಹಾರಾಟವಿಲ್ಲ. 1981ರಲ್ಲಿ ಅದು ಮೈನರ್ ಥ್ರೆಟ್ ಬ್ಯಾಂಡಿನ ಮೊದಲ ರೆಕಾರ್ಡಿನ ಮುಖಪುಟವಾಯಿತು. ನನ್ನ ಮಟ್ಟಿಗೆ ಎಷ್ಟು ಜಿಗಿತದ ಫೋಟೋ ನೋಡಿದರೂ ಈ ಸುಮ್ಮನೆ ಕೂತ ಹುಡುಗನೇ ಹೆಚ್ಚು ಹೇಳುತ್ತಾನೆ.

1995ರಲ್ಲಿ ರ‍್ಯಾನ್ಸಿಡ್ ಬ್ಯಾಂಡು ಅದೇ ಭಂಗಿಯನ್ನು ತನ್ನ ಆಲ್ಬಮ್ಮಿಗೆ ಬಳಸಿತು, ಗೌರವದಿಂದ. ಆದರೆ 2005ರಲ್ಲಿ ನೈಕಿ ಕಂಪನಿ ತನ್ನ ಸ್ಕೇಟ್‌ಬೋರ್ಡ್ ಪ್ರವಾಸಕ್ಕೆ 'ಮೇಜರ್ ಥ್ರೆಟ್' ಅಂತ ಪೋಸ್ಟರ್ ಮಾಡಿತು. ಅದೇ ಮೆಟ್ಟಿಲು, ಅದೇ ಭಂಗಿ, ಕಾಲಲ್ಲಿ ಮಾತ್ರ ನೈಕಿ ಶೂ! ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಅಭಿಮಾನಿಗಳು, ಡಿಸ್ಕಾರ್ಡ್‌ನವರು ಸಿಟ್ಟಾದ ಮೇಲೆ ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿ ಪೋಸ್ಟರ್ ಹಿಂತೆಗೆದುಕೊಂಡಿತು. ಸೂಸಿಯ ಫೋಟೋಗಳು 2007ರಲ್ಲಿ 'ಪಂಕ್ ಲವ್' ಅನ್ನುವ ಪುಸ್ತಕವಾಗಿ ಬಂದವು.

ಗಮನಿಸಿ, ಈ ಕಥೆಯಲ್ಲಿ ಹೆಣ್ಣುಮಕ್ಕಳು ಮತ್ತೆ ಮತ್ತೆ ಬರುತ್ತಾರೆ. ಸಿಂಥಿಯಾ ಕನ್ನಾಲಿ, ಲೆಸ್ಲಿ ಕ್ಲೇಗ್, ಶ್ಯಾರನ್ ಚೆಸ್ಲೊ ಮೂವರೂ ಸೇರಿ 1979ರಿಂದ 85ರವರೆಗಿನ ಫೋಟೋ, ನೆನಪುಗಳನ್ನು ಗೆಳೆಯರಿಂದ ಕೂಡಿಸಿ 1988ರಲ್ಲಿ 'ಬ್ಯಾನ್ಡ್ ಇನ್ ಡಿಸಿ' ಪುಸ್ತಕವನ್ನು ತಾವೇ ಪ್ರಕಟಿಸಿದರು. ಅತ್ತ ಲಾಸ್ ಏಂಜಲಿಸ್‌ನಲ್ಲಿ ಎಸ್‌ಎಸ್‌ಟಿ ಕಂಪನಿಯ ಬ್ಯಾಂಡುಗಳ ಚಿತ್ರ ತೆಗೆದ ನೇಯೋಮಿ ಪೀಟರ್ಸನ್ 2003ರಲ್ಲಿ ತೀರಿಕೊಂಡರು. ಅದೇ ಕಂಪನಿಯಲ್ಲಿ ಜೊತೆಗಿದ್ದ ಜೋ ಕಾರ್ಡುಚಿಗೆ ಆ ಸುದ್ದಿ ಮುಟ್ಟಿದ್ದು 2005ರಲ್ಲಿ. 2007ರಲ್ಲಿ ಅವರು ಆಕೆಯ ಬಗ್ಗೆ 'ಎಂಟರ್ ನೇಯೋಮಿ' ಬರೆದರು. ಕ್ಯಾಮೆರಾ ಹಿಂದಿದ್ದವರಿಗೆ ಫ್ಲಾಶ್ ಬೆಳಕು ಬೀಳುವುದೇ ಇಲ್ಲವಲ್ಲ...

ಆಮೇಲೆ ಕೆಲವರು ಈ ಕತ್ತಲ ಕಡೆಗೂ ತಿರುಗಿದರು. 1987ರಲ್ಲಿ ಶುರುವಾದ ಇಯಾನ್‌ನ ಫುಗಾಝಿ ಬ್ಯಾಂಡು ಐದು ಡಾಲರ್ ಟಿಕೆಟ್ಟಿಗೆ ಹೆಸರಾಗಿತ್ತು. ಗುದ್ದಾಟ ಶುರುವಾದರೆ ಹಾಡು ನಿಲ್ಲಿಸುತ್ತಿತ್ತು. ವಾಷಿಂಗ್ಟನ್ನಿನಲ್ಲೂ ಕೆಲಕಾಲ ನೆಲೆಸಿದ್ದ ಬಿಕಿನಿ ಕಿಲ್ ಬ್ಯಾಂಡಿನವರು ಹುಡುಗಿಯರನ್ನು ಮುಂದೆ ಕರೆದು ನಿಲ್ಲಿಸುತ್ತಿದ್ದರು. ಅಂದರೆ ಫ್ಲಾಶಿಗೆ ಸಿಗುವ ಮುಖಗಳೇ ಬದಲಾದವು. 2014ರಲ್ಲಿ ವಾಷಿಂಗ್ಟನ್ನಿನ ಸಾರ್ವಜನಿಕ ಗ್ರಂಥಾಲಯವೇ ಪಂಕ್ ಸಂಗ್ರಹ ತೆರೆಯಿತು.

ಫುಗಾಝಿ ಬಗ್ಗೆ ಜೆಮ್ ಕೋಹೆನ್ ಮಾಡಿದ 'ಇನ್‌ಸ್ಟ್ರುಮೆಂಟ್' (1999) ಚಿತ್ರ ಸಿಕ್ಕರೆ ನೋಡಿ. ಅದರಲ್ಲಿ ಹಾಡಿಗಿಂತ ನನಗೆ ನೆನಪಿರುವುದು ಕಾರ್ಯಕ್ರಮಕ್ಕೆ ಬಂದವರ ಮುಖಗಳು. ಕೋಹೆನ್ ಒಬ್ಬೊಬ್ಬರ ಮುಂದೆಯೂ ಕ್ಯಾಮೆರಾ ಹಿಡಿದು ಸುಮ್ಮನೆ ಕಾಯುತ್ತಾರೆ. ಅವರು ಯಾರೂ ಬ್ಯಾಂಡಿನವರಲ್ಲ, ಹೆಸರೂ ಹಾಕಿಲ್ಲ. ಒಬ್ಬರಾದ ಮೇಲೆ ಒಬ್ಬರು, ನಗಬೇಕೋ ಬೇಡವೋ ಗೊತ್ತಾಗದೆ, ಕ್ಯಾಮೆರಾವನ್ನೇ ನೋಡುತ್ತಾ ನಿಂತಿದ್ದಾರೆ.